ಐಕ್ಲಿನ್ ತಮ್ಮನನ್ನು ತೊಳೆದ ದಿನ

“ತಿಕ್ಕು ಕಣಮ್ಮ, ಇನ್ನೂ ತಿಕ್ಕು. ಹೋದ ತಿಂಗಳು ಈ ಹಂದಿನನ್ಮಗನ ನಾತಕ್ಕೆ ಜಡ್ಜ್ ಸಾಹೇಬ್ರು ಎದ್ದೇ ಹೋದ್ರು.”

ಜೈಲಿನ ವ್ಯಾನಿನ ಜೊತೆ ಬಂದಿದ್ದ ಪೇದೆ ಡಕ್ರೆಸ್ ದೀವಿಹಲಸಿನ ಮರದ ನೆರಳಲ್ಲಿ ನಿಂತು ಕರಿದ ಮೀನು ತಿನ್ನುತ್ತಿದ್ದ. ಕೋರ್ಟಿನ ಹಿತ್ತಲ ನಲ್ಲಿಯ ಕೆಳಗೆ ಐಕ್ಲಿನ್ ತನ್ನ ತಮ್ಮ ವರ್ನಲ್‌ನನ್ನು ಬೆತ್ತಲೆ ಕೂರಿಸಿಕೊಂಡು ತೊಳೆಯುತ್ತಿದ್ದಳು. ನೀಲಿ ಸೋಪಿನ ಬಿಲ್ಲೆ ಅರ್ಧ ಸವೆದಿತ್ತು. ಕಂಕುಳಲ್ಲಿ ಹೇನು, ಬೆನ್ನ ತುಂಬ ಕೀವು. ತೊಡೆಸಂದಿಗೆ ಒಣಗಿ ಅಂಟಿದ ಹೇಲನ್ನು ಉಗುರಿನಲ್ಲಿ ಬಿಡಿಸಿದಳು. ಬಾಯಲ್ಲಿ ದೇವರ ಕೀರ್ತನೆಯೊಂದು ತಾನಾಗಿ ಗುನುಗುತ್ತಿತ್ತು.

“ಸಾಹೇಬ್ರೆ, ಹೆಗಲ ಮೇಲೆ ಇದ್ಯಾರ ಹಲ್ಲಿನ ಗುರ್ತು?”

“ಒಂದು ಖೋಲೀಲಿ ಒಂಬತ್ತು ಹುಚ್ರು. ನಾನಂತೂ ಕಚ್ಚಿಲ್ಲ ಬಿಡಮ್ಮ.”

ಇಪ್ಪತ್ತೇಳು ವರ್ಷದ ಹಿಂದೆ, ತಲೆಯೊಳಗಿನ ದನಿಗಳ ಕಾಟ ತಾಳಲಾರದೆ ವರ್ನಲ್ ಪಾದ್ರಿಯ ಮನೆಯ ಕಿಟಕಿಗೆ ಕಲ್ಲು ಬೀಸಿದ್ದ. ಆ ತಪ್ಪಿಗೆ ಹೆಚ್ಚೆಂದರೆ ಆರು ತಿಂಗಳ ಸಜೆ. ಆದರೆ ಬುದ್ಧಿ ನೆಟ್ಟಗಿಲ್ಲದವನನ್ನು ವಿಚಾರಣೆ ಮಾಡುವಂತಿಲ್ಲ. ನೆಟ್ಟಗಾಯಿತೆಂದು ಡಾಕ್ಟರು ಬರೆದುಕೊಡುವವರೆಗೆ ಒಳಗೇ ಇರಬೇಕು. ಡಾಕ್ಟರು ಬರೆಯಲಿಲ್ಲ. ಇವನು ಅಲ್ಲೇ ಹಣ್ಣಾದ, ಮಾತು ಮರೆತ. ಇವತ್ತು ಆ ಕಾಗದ ಬಂದರೆ ಮನೆಗೆ ಕರೆದೊಯ್ಯಬಹುದೆಂದು ವಕೀಲ ಹೇಳಿದ್ದ. ಐಕ್ಲಿನ್ ಹಾಸಿಗೆ ಹಾಸಿಟ್ಟೇ ಗುಡ್ಡ ಇಳಿದಿದ್ದಳು.

ಸತ್ತ ಗಂಡನ ಬಿಳಿ ಅಂಗಿಯನ್ನು ತಮ್ಮನಿಗೆ ತೊಡಿಸಿ ಒಳಗೆ ಕರೆತಂದು ಕಟಕಟೆಯ ಬೆಂಚಿನ ಮೇಲೆ ಕೂರಿಸಿದಳು. ಕಟಕಟೆಯ ಕಡೆ ನ್ಯಾಯಾಧೀಶರು ಒಮ್ಮೆ ಮೂಸಿ ನೋಡಿದರು.

“ಈಗ ಪರವಾಗಿಲ್ಲ. ಡಾಕ್ಟರ ವರದಿ ಎಲ್ಲಿ?”

“ಬಂದಿಲ್ಲ ಸ್ವಾಮಿ,” ಎಂದ ಗುಮಾಸ್ತ. “ಡಾಕ್ಟರು ರಜದ ಮೇಲಿದ್ದಾರೆ.”

“ಹಾಗಾದರೆ ಮುಂದಿನ ತಿಂಗಳು. ಹೀಗೇ ತೊಳೆದು ತನ್ನಿ.”

ಎಲ್ಲರೂ ನಕ್ಕರು. ವಕೀಲನೂ ನಕ್ಕ.

ಐಕ್ಲಿನ್ ಎದ್ದು ನಿಂತಳು. “ಕಲ್ಲು ಹೊಡ್ದೋಳು ನಾನು ಸ್ವಾಮಿ.”

“ಏನಂದೆ?”

“ಪಾದ್ರಿ ಕಿಟಕಿಗೆ ಹೊಡ್ದೋಳು ನಾನು. ನನ್ ಬುದ್ಧಿ ನೆಟ್ಟಗದೆ, ವಿಚಾರಣೆ ಮಾಡಿ. ಆರು ತಿಂಗ್ಳು ನಂಗೆ ಹಾಕಿ, ಅವನ್ನ ಬಿಟ್ಬಿಡಿ.”

ಕಲ್ಲು ಬಿದ್ದ ದಿನ ಅವಳು ಗುಡ್ಡದಾಚೆ ಕಬ್ಬು ಕಡಿಯುತ್ತಿದ್ದಳೆಂದು ದೇವರಿಗೆ ಗೊತ್ತಿತ್ತು. ಸುಳ್ಳಿಗೆ ಅವನ ಕ್ಷಮೆ ಆಮೇಲೆ ಕೇಳಿಕೊಂಡರಾಯಿತು ಎಂದುಕೊಂಡಳು.

“ಇವಳಿಗೂ ತಲೆ ಕೆಟ್ಟಿದೆ,” ಎಂದರು ನ್ಯಾಯಾಧೀಶರು. “ಡಾಕ್ಟರಿಗೆ ತೋರಿಸಬೇಕೆಂದು ಬರೆದುಕೊಳ್ಳಿ.”

“ಅದೇ ಡಾಕ್ಟರಿಗಾ ಸ್ವಾಮಿ?”

ಈ ಸಲ ಯಾರೂ ನಗಲಿಲ್ಲ. ಅವಳು ಕಟಕಟೆಯ ಬಾಗಿಲನ್ನು ತಾನೇ ತೆರೆದು ಒಳಗೆ ಹೋಗಿ, ತಾನೇ ಅಗುಳಿ ಹಾಕಿಕೊಂಡಳು. ವರ್ನಲ್ ಬೆಂಚಿನಲ್ಲಿ ಸರಿದು ಜಾಗ ಕೊಟ್ಟ. ಗುಮಾಸ್ತ ಹೊಸ ಹಾಳೆ ತೆಗೆದು ಹೆಸರು ಕೇಳಿದ. ಅವನು ತಪ್ಪಿಲ್ಲದೆ ಬರೆದುಕೊಳ್ಳಲೆಂದು ಅವಳು ಒಂದೊಂದೇ ಅಕ್ಷರ ಹೇಳತೊಡಗಿದಳು.