ಪಾರಿವಾಳದ ಬೂದು

ಇನಾಯತ್ ಎಡಗಣ್ಣಿನ ಮೇಲೆ ಅಂಗೈ ಇಟ್ಟು ಪುಟವನ್ನು ನೋಡಿದಳು. ಆಮೇಲೆ ಬಲಗಣ್ಣನ್ನು ಮುಚ್ಚಿ ಅದೇ ಪುಟವನ್ನು ನೋಡಿದಳು. ಮತ್ತೆ ಎಡಗಣ್ಣು ಮುಚ್ಚಿದಳು. ಹೋದ ವಾರ ಪೊರೆ ತೆಗೆಸಿಕೊಂಡ ಬಲಗಣ್ಣಿಗೆ ಪುಟದ ನಡುವಿನ ಚೌಕ ನೇರಳೆಯಾಗಿ ಕಾಣುತ್ತಿತ್ತು. ಇನ್ನೂ ಪೊರೆ ಕಟ್ಟಿಕೊಂಡೇ ಇದ್ದ ಎಡಗಣ್ಣಿಗೆ ಅದು ಬೂದು. ಚೌಕದ ಕೆಳಗೆ ಅವಳದೇ ಕೈಬರಹದಲ್ಲಿ ‘ಪಾರಿವಾಳದ ಬೂದು’ ಎಂದಿತ್ತು.

"ಸಫೀನಾಜ್! ಬಾ ಇಲ್ಲಿ. ಬಂದು ಇದು ಯಾವ ಬಣ್ಣ ಹೇಳು."

ಮಗಳು ಅಡುಗೆಮನೆಯಲ್ಲಿ ದ್ರಾಕ್ಷಿ ಎಲೆಗೆ ಅಕ್ಕಿ ತುಂಬಿ ಸುತ್ತುತ್ತಿದ್ದಳು. ಎಣ್ಣೆಗೈ ಎಲ್ಲಿಗೂ ತಾಗದ ಹಾಗೆ ಎತ್ತಿ ಹಿಡಿದುಕೊಂಡೇ ಬಂದಳು. ಪುಟ ನೋಡಿದಳು, ತಾಯಿಯ ಮುಖ ನೋಡಿದಳು.

"ನೀನೇ ಬರೆದಿದ್ದೀಯಲ್ಲಮ್ಮಾ, ಬೂದು ಅಂತ."

"ನಾನು ಬರೆದಿದ್ದು ನನಗೆ ಗೊತ್ತು. ನಿನ್ನ ಕಣ್ಣಿಗೆ ಏನು ಕಾಣ್ತಿದೆ ಅದು ಹೇಳು."

"ಬೂದೇ. ಒಂಚೂರು ಗಾಢ ಬೂದು ಅನ್ನು. ಬೆಳಗಿನ ಡ್ರಾಪ್ಸ್ ಹಾಕ್ಕೊಂಡ್ಯಾ?"

ಮಾತು ಡ್ರಾಪ್ಸಿನ ಕಡೆ ತಿರುಗಿದಾಗಲೇ ಮಗಳು ಸುಳ್ಳು ಹೇಳುತ್ತಿದ್ದಾಳೆಂದು ಇನಾಯತ್‌ಗೆ ಗೊತ್ತಾಯಿತು. ಇದೇ ಚೌಕವನ್ನು ನೋಡಿಕೊಂಡು, ಇದಕ್ಕೇ ಸರಿಹೊಂದಿಸಿ, ಬಾಸಿಲ್‌ನನ್ನು ಮದುವೆಯಾಗಲಿರುವ ಮೊಮ್ಮಗಳು ನೂರಾನಳ ಹೊಸ ಮನೆಯ ಹಜಾರಕ್ಕೆ ಬಣ್ಣ ಬಳಿದು ಮೂರು ತಿಂಗಳಾಗಿತ್ತು.

ಅಲೆಕ್ಸಾಂಡ್ರಿಯಾದ ಬಟ್ಟೆಗಿರಣಿಯೊಂದರ ಬಣ್ಣದ ಕೋಣೆಯಲ್ಲಿ ಇನಾಯತ್ ಅರ್ಧ ಆಯಸ್ಸು ಕಳೆದವಳು. ಈ ಥಾನಿನ ಹಸಿರು ಆ ಥಾನಿನ ಹಸಿರಿಗಿಂತ ಕೂದಲೆಳೆಯಷ್ಟು ಹಳದಿ ಎಂದು ಅವಳು ಹೇಳಿದರೆ ಥಾನು ವಾಪಸ್ ಬಣ್ಣದ ತೊಟ್ಟಿಗೆ ಹೋಗುತ್ತಿತ್ತು. ನಿವೃತ್ತಿಯಾದ ಮೇಲೂ ಕೈ ಸುಮ್ಮನಿರಲಿಲ್ಲ. ಪುಸ್ತಕದ ಅಂಗಡಿಯಿಂದ ದಪ್ಪ ಹಾಳೆಯ ಪುಸ್ತಕ ತಂದು, ಪೆನ್ಸಿಲ್ಲಿನಲ್ಲಿ ಚೌಕ ಚೌಕ ಮನೆ ಹಾಕಿ, ಎಡಗಡೆ ಉದ್ದಕ್ಕೆ ನೀಲಿಗಳು, ಮೇಲುಗಡೆ ಅಡ್ಡಕ್ಕೆ ಕಂದುಗಳು, ಎರಡೂ ಸೇರುವ ಮನೆಯಲ್ಲಿ ಎರಡರ ಮಿಶ್ರಣ, ಹೀಗೆ ಜಲವರ್ಣದಲ್ಲಿ ತುಂಬಿಸುತ್ತಾ ಕೂರುವಳು. ಹೂವಿಲ್ಲ, ಸಮುದ್ರವಿಲ್ಲ, ದೋಣಿಯಿಲ್ಲ, ಬರೀ ಚೌಕಗಳು. ಪಕ್ಕದ ಮನೆಯವರು "ಬಚ್ಚಲಿಗೆ ಟೈಲ್ಸ್ ಆರಿಸ್ತಿದ್ದೀರಾ?" ಎಂದು ಚುಡಾಯಿಸಿದರೆ ಅವಳಿಗೆ ಬೇಸರವಿಲ್ಲ. ಪರದೆ ಯಾವುದು, ಸೋಫಾಕ್ಕೆ ಯಾವ ಬಟ್ಟೆ, ಮದುವೆಗೆ ಯಾರು ಏನು ಉಡಬೇಕು ಎಂಬುದಕ್ಕೆಲ್ಲ ಅದೇ ಪಕ್ಕದ ಮನೆಯವರೇ ಬಂದು ಅವಳ ಮುಂದೆ ಕೂರುತ್ತಿದ್ದರು. ಇನಾಯತ್ ಹೇಳಿದ ಬಣ್ಣವೆಂದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ.

"ಚಪ್ಪಲಿ ಕೊಡು. ನಾನು ಸೀದಿ ಬಿಶ್ರ್‌ಗೆ, ನೂರಾನ್ ಮನೆಗೆ ಹೋಗ್ಬೇಕು," ಎಂದಳು.

"ಈಗಲಾ? ಡಾಕ್ಟರು ಧೂಳಿಗೆ ಹೋಗ್ಬೇಡಿ ಅಂದಿದ್ದಾರೆ. ಗುರುವಾರ ಹೇಗೂ ಎಲ್ಲರೂ ಹೋಗ್ತೀವಲ್ಲ, ಮನೆ ಜೋಡಿಸೋಕೆ. ಮಂಚ, ಕಪಾಟು ಎಲ್ಲ ಅವತ್ತೇ ಬರೋದು. ಆಗ ನೋಡುವೆಯಂತೆ."

"ಮಂಚ ಕಪಾಟು ಬಂದ್ಮೇಲೆ ಗೋಡೆ ನೋಡಿ ಏನು ಮಾಡ್ಲಿ? ಮುತ್ತು ಕೊಡ್ಲಾ? ಚಪ್ಪಲಿ ಕೊಡು."

ಸಫೀನಾಜ್ ಕೈ ತೊಳೆಯಲು ಹೋದಳು. ಅಷ್ಟರಲ್ಲಿ ಮುದುಕಿ ಕಪ್ಪು ಕನ್ನಡಕ ಏರಿಸಿ, ಬಣ್ಣದ ಡಬ್ಬಿಯನ್ನೂ ಪುಸ್ತಕವನ್ನೂ ಚೀಲಕ್ಕೆ ತುಂಬಿಕೊಂಡು ಮೆಟ್ಟಿಲಿಳಿದಾಗಿತ್ತು. ಬೀದಿಯಲ್ಲಿ ನಿಂತಿದ್ದ ಟ್ಯಾಕ್ಸಿಯ ಹಳದಿ ಕಣ್ಣಿಗೆ ರಾಚಿತು. ಈ ಊರಿನ ಟ್ಯಾಕ್ಸಿಗಳು ಇಷ್ಟು ಹಳದಿ ಎಂದು ಅವಳಿಗೆ ಎಷ್ಟೋ ವರ್ಷಗಳಿಂದ ಮರೆತೇ ಹೋಗಿತ್ತು. ಟ್ಯಾಕ್ಸಿ ಸಮುದ್ರದ ಪಕ್ಕ ಹೋಗುವಾಗ, ಅದರ ನೀಲಿಯೂ ಬದಲಾಗಿರಬಹುದೆಂದು ಅಳುಕಿ ಅವಳು ಬೇಕೆಂದೇ ಆ ಕಡೆ ನೋಡಲಿಲ್ಲ.

ಸೀದಿ ಬಿಶ್ರ್‌ನ ಮನೆಯ ಬಾಗಿಲು ತೆರೆದೇ ಇತ್ತು. ನೂರಾನ್ ತಲೆಗೆ ಬಟ್ಟೆ ಕಟ್ಟಿಕೊಂಡು ಕಿಟಕಿ ಗಾಜು ಉಜ್ಜುತ್ತಿದ್ದಳು. ಎಲ್ಲರೂ ಉಸ್ತಾ ಎಂದು ಕರೆಯುವ ಬಣ್ಣದ ಮೇಸ್ತ್ರಿ ಬಿಶಾರಾ ನೆಲದ ಅಂಚಿನ ಪಟ್ಟಿಗೆ ಕೊನೆಯ ಕೈ ಬಳಿಯುತ್ತಾ ಕೂತಿದ್ದ. ಇನಾಯತ್ ಹಜಾರದ ನಡುವೆ ನಿಂತು ಕಪ್ಪು ಕನ್ನಡಕ ತೆಗೆದಳು.

ನಾಲ್ಕು ಗೋಡೆಯೂ ನೇರಳೆ. ಬದನೆಕಾಯಿಯನ್ನು ಹಾಲಲ್ಲಿ ಕಿವುಚಿ ಬಳಿದಂಥ ನೇರಳೆ. ಬಾಲ್ಕನಿಯಿಂದ ಬಂದ ಬೆಳಕು ಅದಕ್ಕೆ ತಾಗಿ ನೂರಾನಳ ಕೆನ್ನೆ ಕೂಡ ಏಟು ತಿಂದವರ ಕೆನ್ನೆಯ ಹಾಗೆ ಕಾಣುತ್ತಿತ್ತು. ಬಳಿದು ಮುಗಿದ ದಿನ ಇದೇ ಜಾಗದಲ್ಲಿ ನಿಂತು "ನೋಡಿ, ಪಾರಿವಾಳದ ರೆಕ್ಕೆ ಹಾಗೇ ಇಲ್ವಾ?" ಎಂದು ತಾನು ಹಿಗ್ಗಿದ್ದು ಇನಾಯತ್‌ಗೆ ನೆನಪಾಯಿತು. ಆವತ್ತು ಇಲ್ಲಿ ಇಡೀ ಮನೆಮಂದಿಯೇ ನಿಂತಿದ್ದರು. ಎಲ್ಲರೂ ತಲೆಯಾಡಿಸಿದ್ದರು. ಯಾರೋ ಚಪ್ಪಾಳೆಯನ್ನೂ ತಟ್ಟಿದ್ದರು.

"ಉಸ್ತಾ," ಎಂದಳು, "ಇದೇನಯ್ಯಾ ಇದು?"

ಬಿಶಾರಾ ಬ್ರಷ್ಷನ್ನು ಡಬ್ಬದ ಅಂಚಿಗೆ ಒರೆಸಿದ. ಹಿರಿಯಳೆಂಬ ಗೌರವಕ್ಕೆ ಅವನು ಅವಳನ್ನು ಹಾಜಾ ಎನ್ನುತ್ತಿದ್ದ. "ಹಾಜಾ, ನಿಮ್ಮ ಪುಟ ಹಿಡ್ಕೊಂಡೇ ಕಲಸಿದ್ದು ನಾನು. ಒಂದು ತೊಟ್ಟು ಆಚೀಚೆ ಆಗಿಲ್ಲ."

"ಕಲಸುವಾಗ ನಿನಗೇನೂ ಅನ್ನಿಸ್ಲಿಲ್ವಾ?"

"ಅನ್ನಿಸ್ತು. ಡಬ್ಬದ ಮುಚ್ಚಳ ತೆಗೆದು ಶಿಲುಬೆ ಗುರುತು ಹಾಕ್ಕೊಂಡೆ. ಆದ್ರೆ ಇನಾಯತ್ ಹಾಜಾ ಹೇಳಿದ್ದಾರೆ ಅಂದ್ರೆ, ಇದೇ ಈಗಿನ ಫ್ಯಾಶನ್ ಇರ್ಬೇಕು ಅಂದ್ಕೊಂಡೆ."

"ಚೆನ್ನಾಗಿದೆ ಅಜ್ಜಿ," ಎಂದು ನೂರಾನ್ ನಡುವೆ ಬಾಯಿ ಹಾಕಿದಳು. "ನನಗೆ ಇಷ್ಟ ಆಗಿದೆ. ಬೇರೆ ಥರ ಇದೆ. ಎಲ್ಲರ ಮನೇಲೂ ಅದೇ ಕೆನೆ ಬಣ್ಣ, ಅದೇ ಬಿಳಿ. ಇದು ಹಾಗಿಲ್ಲ."

"ನನ್ನ ಮುಖ ನೋಡಿ ಹೇಳು."

ನೂರಾನ್ ಗಾಜಿನ ಕಡೆ ತಿರುಗಿ, ಆಗಲೇ ಹೊಳೆಯುತ್ತಿದ್ದ ಗಾಜನ್ನೇ ಮತ್ತೆ ಉಜ್ಜಿದಳು.

ಇನಾಯತ್‌ಗೆ ಸಿಟ್ಟು ಬಂತು. ಕಣ್ಣು ಕೈಕೊಟ್ಟಿದ್ದಕ್ಕೆ ಬಂದ ಸಿಟ್ಟಲ್ಲ ಅದು, ಕಣ್ಣಿಗೆ ವಯಸ್ಸಾಗುತ್ತದೆ. ಇಷ್ಟು ಜನ, ತಾನು ಹೆತ್ತವಳು, ತಾನು ಆಡಿಸಿದವಳು, ತನ್ನ ಮುಂದೆ ನಿಂತು ನೇರಳೆಯನ್ನು ಬೂದು ಎಂದು ಒಪ್ಪಿಕೊಂಡರಲ್ಲ, ಅದು ಉರಿಯುತ್ತಿತ್ತು. ತನ್ನನ್ನು ಯಾವಾಗ ಇವರೆಲ್ಲ ಸೇರಿ ಮಗು ಮಾಡಿಬಿಟ್ಟರು? ತೊಟ್ಟಿಲಲ್ಲಿರುವುದು ಕೈ ಆಡಿಸಿದರೆ ಎಲ್ಲರೂ ಭೇಷ್ ಅನ್ನುವ ಹಾಗೆ ತನಗೂ ಭೇಷ್ ಅಂದರಲ್ಲ.

"ಉಸ್ತಾ, ಗುರುವಾರದೊಳಗೆ ಮತ್ತೆ ಬಳಿದು ಒಣಗಿಸೋಕೆ ಆಗುತ್ತಾ?"

ಅವನು ಗೋಡೆಯನ್ನೊಮ್ಮೆ ನೋಡಿ ಲೆಕ್ಕ ಹಾಕಿದ. "ಇದನ್ನ ಮುಚ್ಚೋಕೆ ಮೊದಲು ಬಿಳಿ ಹೊಡೀಬೇಕು, ಅದನ್ನ ಇವತ್ತೇ ಹೊಡೀತೀನಿ. ಬಣ್ಣ ಯಾವುದು ಅಂತ ಇವತ್ತು ಸಂಜೆಯೊಳಗೆ ಹೇಳಿದ್ರೆ ಆಗುತ್ತೆ. ನಾಳೆ ಅಂದ್ರೆ ನನ್ನ ಕೈಲಿ ಆಗಲ್ಲ ಹಾಜಾ."

"ಸಂಜೆಯೊಳಗೆ ಹೇಳ್ತೀನಿ."

ಬಾಲ್ಕನಿಯ ಬಾಗಿಲಲ್ಲಿ ಖಾಲಿ ಡಬ್ಬ ಬೋರಲು ಹಾಕಿಸಿಕೊಂಡು ಕೂತಳು. ಹತ್ತಿಯ ತುಂಡನ್ನು ಮಡಿಸಿ ಓದುವ ಕನ್ನಡಕದ ಎಡಗಾಜಿನ ಹಿಂದೆ ಸಿಕ್ಕಿಸಿಕೊಂಡಳು. ಹಳೆಯ ಕಣ್ಣಿನ ಅಭಿಪ್ರಾಯ ಇವತ್ತು ಬೇಡವಾಗಿತ್ತು. ಹೊಸ ಪುಟ ತೆಗೆದು ಮನೆ ಹಾಕಿದಳು. ಕುಂಚ ಅದ್ದಿ ನೀಲಿಗೆ ಕಂದು ಬೆರೆಸಿ ಮೊದಲ ಮನೆಗೆ ಇಟ್ಟಳು, ಎರಡನೆಯದಕ್ಕೆ ಕಂದು ಒಂದು ತೊಟ್ಟು ಜಾಸ್ತಿ, ಮೂರನೆಯದಕ್ಕೆ ಚೂರು ಕಾವಿ. ಜಲವರ್ಣ ಹಸಿಯಾಗಿದ್ದಾಗ ಒಂದು ಹೇಳುತ್ತದೆ, ಒಣಗಿದ ಮೇಲೆ ಇನ್ನೊಂದು. ಹಾಗಾಗಿ ಒಂದು ಸಾಲು ಮುಗಿಸಿ ಅದು ಒಣಗುವವರೆಗೆ ಕೈ ಕಟ್ಟಿ ಕೂರುವುದು, ಆಮೇಲೆ ಇನ್ನೊಂದು ಸಾಲು. ಬೆನ್ನು ನೋಯುತ್ತಿತ್ತು. ಏಳಲಿಲ್ಲ.

ಸಾಲುಗಳು ತುಂಬಿದ ಹಾಗೆ ಅವಳಿಗೆ ಬೇರೆಯದೇ ಒಂದು ಹೆದರಿಕೆ ಹತ್ತಿಕೊಂಡಿತು. ಹೊಸ ಕಣ್ಣಿಗೆ ಎಲ್ಲವೂ ನೀಲಿಗೆ ತಿರುಗಿದಂತಿತ್ತು. ಹಾಳೆಯ ಬಿಳಿ ಕೂಡ ನೀಲಿ. ಸುಳ್ಳು ಹೇಳಿದ್ದು ಹಳೆಯ ಕಣ್ಣು, ಅದೇನೋ ಸರಿ, ಆದರೆ ಇದು ನಿಜ ಹೇಳುತ್ತಿದೆ ಎಂದು ಯಾರು ನಂಬುವುದು? ಬಣ್ಣದ ವಿಷಯದಲ್ಲಿ ಅವಳು ಇನ್ನೊಬ್ಬರನ್ನು ಕೇಳಿದವಳೇ ಅಲ್ಲ. ಹೇಗೆ ಕೇಳಬೇಕು ಎಂಬುದೇ ಗೊತ್ತಿರಲಿಲ್ಲ.

"ನೂರಾನ್, ಬಾ. ಇದರಲ್ಲಿ ನಿನ್ನ ಗೋಡೆಗೆ ಯಾವುದು?"

"ನಿನಗೆ ಯಾವುದು ಸರಿ ಅನ್ಸುತ್ತೋ ಅದೇ ಅಜ್ಜಿ."

ಇನಾಯತ್ ಬಣ್ಣದ ಡಬ್ಬಿಯನ್ನು ಟಪ್ಪೆಂದು ಮುಚ್ಚಿದಳು. "ಹಾಗಾದ್ರೆ ಮುಗೀತು. ನಾನು ಇನ್ನೊಂದು ಚೌಕ ಹಚ್ಚಲ್ಲ. ಇಲ್ಲೇ ಕೂತಿರ್ತೀನಿ. ಗುರುವಾರ ನಿನ್ನ ಮಂಚ, ಕಪಾಟು ಬಂದಾಗ ನನ್ನನ್ನೂ ಒಂದು ಮೂಲೇಲಿ ಜೋಡಿಸಿ."

"ಅಜ್ಜಿ, ಹಟ ಮಾಡ್ಬೇಡ."

"ಹಟ ನನ್ನದಾ? ಒಂದು ನಿಜ ಹೇಳೋಕೆ ಇಷ್ಟು ಹಟ ಮಾಡ್ತಿರೋದು ಯಾರು? ಬಾಯಿ ಬಿಡು. ಈ ಗೋಡೆ ಹೇಗಿದೆ?"

ನೂರಾನ್ ಕೈಯಲ್ಲಿದ್ದ ಬಟ್ಟೆಯನ್ನು ನೆಲಕ್ಕೆ ಎಸೆದಳು.

"ಅಸಹ್ಯವಾಗಿದೆ! ಸಾಕಾ? ಮೊದಲ ದಿನಾನೇ ಅಸಹ್ಯವಾಗಿತ್ತು. ಬಾಸಿಲ್ ಅಮ್ಮ ಬಂದು ನೋಡಿ ನಕ್ಕರು. ಮದುವೆ ಮನೇನಾ, ಮಕ್ಕಳ ಜಾತ್ರೆ ಡೇರೇನಾ ಅಂದ್ರು. ಅದಕ್ಕೆ ನಾನು, ಈ ಬಣ್ಣ ಆರಿಸಿದ್ದು ನಾನೇ, ನನಗೆ ಇದೇ ಬೇಕು ಅಂತ ಅವರ ಜೊತೆ ಜಗಳ ಆಡಿದೆ. ಬಾಸಿಲ್ ಜೊತೆ ಎರಡು ದಿನ ಮಾತು ಬಿಟ್ಟೆ. ಈಗ ಮದುವೆಗೆ ನಾಲ್ಕು ದಿನ ಇರೋವಾಗ ಬದಲಾಯಿಸಿದ್ರೆ ಅವರೇನಂತಾರೆ? ನಾನು ಮೊದಲೇ ಹೇಳಲಿಲ್ವಾ ಅಂತಾರೆ. ಜೀವನಪೂರ್ತಿ ಅಂತಾರೆ!"

ಬಿಶಾರಾ ಬ್ರಷ್ ಕೆಳಗಿಟ್ಟು ಏನೂ ಕೇಳಿಸದವನ ಹಾಗೆ ಅಡುಗೆಮನೆಗೆ ನಡೆದ.

ಈ ಹುಡುಗಿ ತನ್ನ ನೇರಳೆಯನ್ನು ತನ್ನದೇ ಎಂದು ಹೊತ್ತುಕೊಂಡು, ಇನ್ನೂ ಕಾಲಿಡದ ಮನೆಯ ಅತ್ತೆಯ ಎದುರು ನಿಂತಿದ್ದಳು. ಮುದುಕಿಗೆ ಅಳು ಬಂತು. ಹೊಸ ಕಣ್ಣಿಗೆ ಕೈ ತಾಗಿಸಬಾರದು ಎಂದು ಡಾಕ್ಟರು ಹೇಳಿದ್ದರಿಂದ ಅದು ಹರಿಯುವಷ್ಟು ಹರಿದು ತಾನಾಗಿಯೇ ನಿಂತಿತು.

"ಆಕೆಗೆ ಫೋನ್ ಹಚ್ಚು," ಎಂದಳು.

"ಯಾರಿಗೆ?"

"ನಿನ್ನ ಅತ್ತೆಗೆ. ನನಗೂ ಕೇಳಿಸ್ಲಿ, ನಿನಗೂ ಕೇಳಿಸ್ಲಿ, ಸ್ಪೀಕರ್ ಹಾಕು."

ನೂರಾನ್ ಬೇಡ ಬೇಡ ಎಂದಳು. ಮುದುಕಿ ಚಾಚಿದ ಕೈ ಹಿಂದೆ ತೆಗೆಯಲಿಲ್ಲ. ಕೊನೆಗೆ ಫೋನ್ ಹೋಯಿತು, ಅತ್ತ ಕಡೆಯಿಂದ ಅತ್ತೆ ದೌಲತ್ ಹಾನಿಮಳ ಸಿಹಿ ದನಿ ಬಂತು.

"ದೌಲತ್ ಹಾನಿಮ್, ನಾನು ಇನಾಯತ್. ನಮ್ಮ ಹಜಾರದ ಬಣ್ಣ ನೂರಾನ್ ಆರಿಸಿದ್ದಲ್ಲ, ನಾನು ಆರಿಸಿದ್ದು. ಪೊರೆ ಬಂದಿತ್ತು, ನನಗೆ ಅದು ಬೂದು ಅಂತ ಕಾಣ್ತು. ಹುಡುಗಿ ನನ್ನ ಮರ್ಯಾದೆ ಉಳಿಸೋಕೆ ನಿಮ್ಮ ಹತ್ರ ಸುಳ್ಳು ಹೇಳಿದಾಳೆ. ತಪ್ಪು ನನ್ನದು. ಇವತ್ತು ಬದಲಾಯಿಸ್ತಿದ್ದೀವಿ."

"ಅಯ್ಯೋ, ಏನು ಮಾತು ಅಂತ ಆಡ್ತೀರಿ ಹಾಜಾ!" ಎಂದಳು ದೌಲತ್ ಹಾನಿಮ್. "ಎಷ್ಟು ಚೆಂದದ ಬಣ್ಣ ಅದು! ನಮ್ಮನೇಲೂ ಹಾಗೇ ಮಾಡಿಸೋಣ ಅಂತ ಬಾಸಿಲ್‌ಗೆ ಹೇಳ್ತಾನೇ ಇದ್ದೆ ನಾನು."

ನೂರಾನ್ ಬಾಯಿಗೆ ಕೈ ಅಡ್ಡ ಹಿಡಿದಳು.

"ಹೌದಾ? ಇನ್ನೂ ಒಂದು ಡಬ್ಬ ಮಿಕ್ಕಿದೆ. ಉಸ್ತಾನ ಕೈಲಿ ಕಳಿಸ್ಲಾ?"

ಅತ್ತ ಕಡೆಯ ದನಿ ಗಡಿಬಿಡಿಯಾಯಿತು. "ಅಯ್ಯೋ ಬೇಡ, ಬೇಡ. ಅವನಿಗ್ಯಾಕೆ ಸುಮ್ನೆ ತೊಂದರೆ."

ಫೋನ್ ಇಡುವವರೆಗೂ ನೂರಾನ್ ತಡೆದುಕೊಂಡಳು. ಆಮೇಲೆ ಅಜ್ಜಿಯ ಪಕ್ಕದಲ್ಲೇ ನೆಲಕ್ಕೆ ಕುಸಿದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಇನಾಯತ್ ನಗಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು, ಪೆನ್ಸಿಲ್ಲನ್ನು ಮೊಮ್ಮಗಳ ಕೈಗೆ ಕೊಟ್ಟಳು.

"ಬೇಡದ್ದಕ್ಕೆಲ್ಲ ಗೀಟು ಹಾಕು. ಯಾಕೆ ಬೇಡ ಅಂತಾನೂ ಹೇಳ್ಬೇಕು."

"ಇದು ಬೇಡ, ಬೇಳೆ ಸಾರಿನ ಥರ ಇದೆ," ಎಂದು ನೂರಾನ್ ಮೊದಲ ಗೀಟನ್ನು ಮೆಲ್ಲಗೆ ಎಳೆದಳು. ಅಜ್ಜಿಯ ಮುಖ ನೋಡಿದಳು. ಮುಖದಲ್ಲಿ ಬೇಸರ ಕಾಣಲಿಲ್ಲ. "ಇದು ಆಸ್ಪತ್ರೆ. ಇದು... ಇದು ಏನಜ್ಜಿ, ಪಾತ್ರೆ ತೊಳೆದ ನೀರಾ?" ಆಮೇಲೆ ಗೀಟುಗಳು ಜೋರಾಗಿಯೇ ಬಿದ್ದವು. ಗಂಟೆಗಟ್ಟಲೆ ಹಚ್ಚಿದ ಚೌಕಗಳು ಒಂದೊಂದಾಗಿ ಹೋಗುತ್ತಿದ್ದರೆ ಇನಾಯತ್‌ಗೆ ಉಸಿರು ಸಲೀಸಾದ ಹಾಗಿತ್ತು. ಗೀಟು ಬೀಳದೆ ಉಳಿದವುಗಳ ಪಕ್ಕದಲ್ಲಿ ಹೊಸ ಸಾಲು ಹಚ್ಚಿದಳು. ಆ ಸಾಲಿನಲ್ಲೂ ಅರ್ಧ ಹೋಯಿತು. ಮತ್ತೊಂದು ಸಾಲು ಹಚ್ಚಿದಳು. ಒಳಗೆ ಬಿಶಾರಾ ಗೋಡೆಗೆ ಬಿಳಿ ಹೊಡೆಯುತ್ತಿದ್ದ, ನೇರಳೆ ಮೇಲಿನಿಂದ ಕೆಳಕ್ಕೆ ಸಣ್ಣದಾಗುತ್ತಾ ಬರುತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ನೂರಾನ್ ಒಂದು ಚೌಕದ ಮೇಲೆ ಬೆರಳಿಟ್ಟಳು. "ಇದು."

ಇನ್ನೂ ಹಸಿಯಾಗಿತ್ತು ಅದು. ಬೂದೂ ಅಲ್ಲ, ಕೆನೆಯೂ ಅಲ್ಲ, ಒದ್ದೆ ಮರಳಿನ ಬಣ್ಣ. ಇನಾಯತ್ ಅದನ್ನು ಸುಮ್ಮನೆ ಸಾಲು ತುಂಬಲೆಂದು ಹಚ್ಚಿದ್ದಳು.

"ಇದಾ? ಇದು ಸಪ್ಪೆ. ಇದರ ಪಕ್ಕದ್ದು ನೋಡು, ಇದರಲ್ಲಿ ಚೂರು ಜೀವ ಇದೆ."

"ನನಗೆ ಇದೇ ಬೇಕು."

"ಪರದೆ ಹಸಿರು ಅಲ್ವಾ? ಕೂಡಲ್ಲ ಕಣೇ."

"ನನಗೆ ಇದೇ ಬೇಕು ಅಜ್ಜಿ," ಎಂದಳು ನೂರಾನ್. ಈ ಸಲ ಮುಖ ನೋಡಿಯೇ ಹೇಳಿದಳು.

ಇನಾಯತ್ ಇನ್ನೇನೋ ಹೇಳಹೊರಟವಳು ಬಾಯಿ ಮುಚ್ಚಿದಳು. ಪುಸ್ತಕದಿಂದ ಪುಟವನ್ನು ಹುಷಾರಾಗಿ ಹರಿದಳು. ನೂರಾನ್ ಬೆರಳಿಟ್ಟಲ್ಲಿ ಚೌಕದೊಳಗೆ ಬೆರಳಿನ ಗುರುತು ಮೂಡಿ, ನಡುವೆ ತೆಳುವಾಗಿ, ಅಂಚಿಗೆ ಬಣ್ಣ ದಟ್ಟವಾಗಿ ನಿಂತಿತ್ತು. ಅದನ್ನು ಹಾಗೆಯೇ ಬಿಶಾರಾನ ಕಡೆ ಚಾಚಿದಳು.

ಅವನು ಪುಟವನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದ. "ಇದರಲ್ಲಿ ಎರಡು ಬಣ್ಣ ಇದೆ ಹಾಜಾ. ನಡುವಿಂದಾ, ಅಂಚಿಂದಾ?"

ಇನಾಯತ್ ಕುಂಚವನ್ನು ನೀರಿಗೆ ಹಾಕಿ ತಿರುಗಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಅವಳನ್ನ ಕೇಳು," ಎಂದಳು.