ಅವ್ವನ ಬೈಗುಳ

“ಮುಡಿಚ್ಚಿಟ್ಟಿಯಾ?” ಎಂದು ಶಿವಗಾಮಿ ತಮಿಳಿನಲ್ಲಿ ಕೇಳಿದಳು. ಮುಗಿಸಿದೆಯಾ ಎಂದು ಮಗಳನ್ನು ಕನ್ನಡದಲ್ಲಿ ಕೇಳಿ ಹದಿನೈದು ದಿನವಾಗಿತ್ತು.

ಕೃತ್ತಿಕಾ ಎಲ್ಲಿ ಮುಗಿಸುತ್ತಾಳೆ! ಎಂಟು ವರ್ಷದ ಹುಡುಗಿ ನೋಟುಬುಕ್ಕಿನ ಮುಂದೆ ಕೂತು ಮುಕ್ಕಾಲು ಗಂಟೆ, ಆಗಿದ್ದು ಒಂದೂವರೆ ಸಾಲು. ಅಷ್ಟರಲ್ಲಿ ಎರಡು ಸಲ ನೀರು ಕುಡಿದು ಬಂದಿದ್ದಳು, ಪೆನ್ಸಿಲು ಕೆತ್ತಿ ಕೆತ್ತಿ ಮೋಟು ಮಾಡಿದ್ದಳು, ಎದುರಿನ ವರ್ಕ್‌ಶಾಪಿನಲ್ಲಿ ಪಂಪಿನ ಭಾಗ ಉಜ್ಜುವಾಗ ಹಾರುವ ಕಿಡಿಗಳನ್ನು ಕಿಟಕಿಗೆ ಜೋತುಬಿದ್ದು ನೋಡಿದ್ದಳು. ಈಗ ಕುರ್ಚಿಯ ಕಾಲಿನ ರಬ್ಬರು ಕಿತ್ತುಕೊಂಡು ಕೂತಿದ್ದಳು. ಬರೆ ಎಂದರೆ ಹೂಂ ಅನ್ನುತ್ತಾಳೆ. ಆ ಹೂಂ ಅವಳ ಕೈಯನ್ನು ಮುಟ್ಟುವುದೇ ಇಲ್ಲ.

ಮಂಚದ ಮೇಲೆ ಕೂತ ಅತ್ತೆ ಅಂಗಮ್ಮ, ಕೃತ್ತಿಕಾಳ ಅವ್ವ, ಬಾಯಿ ತೆರೆದಳು, ಸೊಸೆಯ ಮುಖ ನೋಡಿದಳು, ಮತ್ತೆ ಮುಚ್ಚಿಕೊಂಡಳು.

ಮನೆಯಲ್ಲಿ ತಮಿಳೇ ಎಂಬ ಕಟ್ಟಳೆ ಮಾಡಿದ್ದು ಶಿವಗಾಮಿಯೇ. ಹದಿನೈದು ದಿನದ ಹಿಂದೆ ಶಾಲೆಯ ಕಲೈಸೆಲ್ವಿ ಟೀಚರು ಕರೆಸಿ ಹೇಳಿದ್ದರು: “ನಿಮ್ಮ ಮಗಳು ನಾನು ಹೇಳಿದ್ದು ಒಂದನ್ನೂ ಕೇಳಿಸಿಕೊಳ್ಳೋದಿಲ್ಲ. ಕೂತಲ್ಲಿ ಕೂರೋದಿಲ್ಲ. ಮನೆಯಲ್ಲಿ ಕನ್ನಡ, ಇಲ್ಲಿ ತಮಿಳು, ಇಂಗ್ಲಿಷು, ಮಗುವಿನ ತಲೆ ಗೊಂದಲ ಆಗಿದೆ. ಮೊದಲು ಮನೆಮಾತು ನಿಲ್ಲಿಸಿ. ಅರೆವಾರ್ಷಿಕ ಪರೀಕ್ಷೆಯವರೆಗೆ ನೋಡ್ತೀವಿ. ಹೀಗೇ ಇದ್ದರೆ ಬೇರೆ ಶಾಲೆ ಹುಡುಕಿಕೊಳ್ಳಬೇಕಾಗುತ್ತೆ.”

ಬೇರೆ ಶಾಲೆ! ಆ ಮಾತು ಕೇಳಿದಾಗಿನಿಂದ ಶಿವಗಾಮಿಗೆ ಅನ್ನ ಇಳಿದಿರಲಿಲ್ಲ. ಅಂದು ಸಂಜೆಯೇ ಎಲ್ಲರನ್ನೂ ಕೂರಿಸಿ, ಇನ್ನು ಮೇಲೆ ಮಗುವಿನ ಕಿವಿಗೆ ಬೀಳುವ ಹಾಗೆ ಯಾರೂ ಕನ್ನಡ ಆಡಕೂಡದು ಎಂದುಬಿಟ್ಟಳು. ಗಂಡ ಸೆಂದಿಲ್‌ಕುಮಾರನಿಗೆ ಕಷ್ಟವಾಗಲಿಲ್ಲ, ಗಣಪತಿ ಬಡಾವಣೆಯ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ದಿನವಿಡೀ ಅವನದು ತಮಿಳೇ. ಕಷ್ಟವಾದದ್ದು ಅಂಗಮ್ಮನಿಗೆ. ನೇಕಾರರ ಆ ಮನೆಯಲ್ಲಿ ತಲೆಮಾರುಗಳಿಂದ ಒಂದು ಮಾತಿತ್ತು: ಚಪ್ಪಲಿಯೂ ತಮಿಳೂ ಹೊಸಿಲಾಚೆ. ತಮಿಳಿನಲ್ಲೇ ತರಕಾರಿಯವನ ಬೆವರಿಳಿಸುವ ಮುದುಕಿಗೆ ಹೊಸಿಲ ಒಳಗೆ ಆ ಭಾಷೆಯಲ್ಲಿ ನಾಲಗೆಯೇ ಹೊರಳದು. ಒಂದು ದಿನ ಪ್ರಯತ್ನಪಟ್ಟಳು. ಎರಡನೇ ದಿನದಿಂದ ಮೊಮ್ಮಗಳ ಜೊತೆ ಮಾತೇ ಬಿಟ್ಟಳು.

ಅದಕ್ಕೆ ಮೊದಲು ಪಾಠ ಬರೆಸುತ್ತಿದ್ದವಳು ಅಂಗಮ್ಮನೇ. ಓದು ಬಾರದವಳು, ಆದರೂ ಬರೆಸುತ್ತಿದ್ದಳು. ಮಗ್ಗದಲ್ಲಿ ಪಾವು ಎನ್ನುವ ಹಾಸುನೂಲು ಮುಗಿದಾಗ ಅದರ ತುದಿಗೆ ಹೊಸ ಪಾವಿನ ಸಾವಿರಾರು ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಿದ ಕೈ ಅವಳದು. “ಪೂರ್ತಿ ಪಾವು ನೋಡಿದ್ರೆ ಎದೆ ಒಡ್ದುಹೋಗ್ತದೆ ಪಾಪ. ಒಂದೆಳೆ ನೋಡು. ಒಂದು ಸಾಲು ಬರಿ, ಒಂದು ಸುತ್ತು ಓಡ್ಬಿಟ್ಟು ಬಾ” ಅನ್ನುತ್ತಿದ್ದಳು. ಹುಡುಗಿ ಬರೆಯುತ್ತಿದ್ದಳು, ಓಡುತ್ತಿದ್ದಳು, ಬಂದು ಮತ್ತೆ ಬರೆಯುತ್ತಿದ್ದಳು. ಎರಡು ಗಂಟೆ ಹಿಡಿದರೂ ಮುಗಿಯುತ್ತಿತ್ತು. ಈಗ ಅದೂ ಇಲ್ಲ.

ಹದಿನಾರನೆಯ ದಿನ ಕೃತ್ತಿಕಾ ಶಾಲೆಯಿಂದ ಮನೆಗೆ ಬರಲಿಲ್ಲ.

ನಾಲ್ಕೂಕಾಲು, ನಾಲ್ಕೂವರೆ. ಶಿವಗಾಮಿ ಬೀದಿಯ ಎರಡೂ ತುದಿಗೆ ಓಡಿದಳು. ಶಾಲೆಗೆ ಫೋನು ಮಾಡಿದರೆ ಆಗಲೇ ಹೋದಳಲ್ಲ ಎಂದರು. ಬಾಯಲ್ಲಿ ದೇವರ ಹೆಸರೂ ನೆಟ್ಟಗೆ ಬರುತ್ತಿಲ್ಲ. ಐದಕ್ಕೆ ಪಕ್ಕದ ಬೀದಿಯ ಆಟೋ ಚೆನ್ನಿಯಪ್ಪನ್ ಮಗಳನ್ನು ಕರೆತಂದ. ಮನೆಯ ಮುಂದೆಯೇ ಹಾದು, ಮನೆಯನ್ನು ಗಮನಿಸದೆ, ಮುಖ್ಯರಸ್ತೆಯ ನಡುಗಟ್ಟೆಯ ಮೇಲೆ ನಿಂತು ಬಸ್ಸಿನ ಚಕ್ರ ನೋಡುತ್ತಿದ್ದಳಂತೆ. ಬ್ಯಾಗು ಇರಲಿಲ್ಲ. ಶಿವಗಾಮಿ ಮಗಳ ಕೆನ್ನೆಗೆ ಒಂದು ಬಿಟ್ಟಳು, ಆಮೇಲೆ ತಬ್ಬಿಕೊಂಡು ತಾನೇ ಅತ್ತಳು.

ಆ ಸಂಜೆ ಗಂಡ ಬಂದಾಗ, ಮಗಳ ಕಿವಿಗೆ ಬೀಳದ ಹಾಗೆ, ಹೇಳಿದಳು: “ಏನುಂಗ, ನಾಳೆ ರಜ ಹಾಕಿ. ಆಸ್ಪತ್ರೇಲಿ ಮಕ್ಕಳ ಮನಸ್ಸಿನ ಡಾಕ್ಟ್ರಿಗೆ ತೋರಿಸೋಣ.”

“ಹುಚ್ಚಾಸ್ಪತ್ರೆಗಾ? ನಾಳೆ ಯಾರಾನ ಕೇಳಿದ್ರೆ ಏನ ಹೇಳ್ತೀಯ?”

“ಬಸ್ಸಿನ ಅಡಿ ಬಿದ್ದಿದ್ರೆ ಏನ ಹೇಳ್ತಿದ್ರಿ?”

ಮರುದಿನ ಅವನು ರಜ ಹಾಕಿದ.

ಮಕ್ಕಳ ಮನೋವೈದ್ಯರ ಕೋಣೆಯ ಹೊರಗೆ ಅವರು ಎರಡು ಗಂಟೆ ಕಾದರು. ಕೃತ್ತಿಕಾ ಅಷ್ಟರಲ್ಲಿ ಎಲ್ಲ ಕುರ್ಚಿಗಳ ಮೇಲೂ ಕೂತಾಗಿತ್ತು. ಸೆಂದಿಲ್‌ಕುಮಾರನ ಮೊಣಕಾಲು ಬಿಡುವಿಲ್ಲದೆ ಅಲ್ಲಾಡುತ್ತಿತ್ತು, ಮದುವೆಯಾದಾಗಿನಿಂದ ಹಾಗೇ. ನರ್ಸು ಕೊಟ್ಟ ಹಾಳೆಯಲ್ಲಿ ಪ್ರಶ್ನೆಗಳಿದ್ದವು: ವಸ್ತು ಕಳೆಯುತ್ತಾಳೆಯೇ, ಕರೆದರೆ ಕೇಳಿಸದ ಹಾಗಿರುತ್ತಾಳೆಯೇ. ‘ಯಾವಾಗಲೂ’, ‘ಯಾವಾಗಲೂ’ ಎಂದು ಗುರುತು ಹಾಕುತ್ತಾ ಶಿವಗಾಮಿಗೆ ಮಗಳ ಮೇಲೆ ತಾನೇ ಚಾಡಿ ಹೇಳಿದಂತೆ ಅನಿಸಿತು.

ನರೆತ ಕೂದಲಿನ ಡಾಕ್ಟರಮ್ಮ ಎಲ್ಲ ಕೇಳಿ, ಹುಡುಗಿಯತ್ತ ಬಾಗಿ ತಮಿಳಿನಲ್ಲಿ ಕೇಳಿದರು, “ನಿನಗೆ ಯಾವುದು ಕಷ್ಟ, ಕಂದಾ?”

ಕೃತ್ತಿಕಾ ತಾಯಿಯತ್ತ ತಿರುಗಿದಳು. “ಅಮ್ಮಾ, ಇಲ್ಲಿ ಕನ್ನಡ ಮಾತಾಡ್ಬೋದಾ?” ಎಂದವಳು ಕೂಡಲೇ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

ಏನೆಂದಳು ಎಂದು ಡಾಕ್ಟರಮ್ಮ ಕೇಳಿದರು. ಶಿವಗಾಮಿ ತಲೆತಗ್ಗಿಸಿ ಕಟ್ಟಳೆಯ ಕಥೆಯನ್ನೆಲ್ಲ ಹೇಳಬೇಕಾಯಿತು.

“ಹೇಳು ಪಾಪ, ಕನ್ನಡದಲ್ಲೇ ಹೇಳು” ಎಂದ ಸೆಂದಿಲ್‌ಕುಮಾರ್.

“ನಾ ಅಳ್ಳಾಡ್ದೆ ಕೂತ್ರೆ ಅವ್ವ ಮತ್ತೆ ಮಾತಾಡ್ತಾಳಾ? ನಾ ಕೂತ್ಕತೀನಿ ಅಂತ್ಲೇ ಇರ್ತೀನಿ. ಕಾಲು ಎದ್ಬಿಡ್ತದೆ. ಅದ್ಕೇ ಅವ್ವಂಗೆ ನನ್ ಮೇಲ ಕೋಪ.”

ಶಿವಗಾಮಿ ಮಗಳನ್ನು ಹತ್ತಿರ ಎಳೆದುಕೊಂಡಳು. ಇಷ್ಟು ದಿನ ಮಗು ಇದನ್ನು ಹೊತ್ತು ತಿರುಗಿದೆ, ತನಗೆ ಗೊತ್ತೇ ಆಗಲಿಲ್ಲ.

“ಮನೆಮಾತಿಗೂ ಇದಕ್ಕೂ ಸಂಬಂಧವಿಲ್ಲಮ್ಮಾ” ಎಂದರು ಡಾಕ್ಟರಮ್ಮ. “ಎಡಿಎಚ್‌ಡಿ ಇರಬಹುದು. ಒಂದು ದಿನ ನೋಡಿ ಹೇಳುವುದಲ್ಲ, ಶಾಲೆಯವರೂ ಈ ಹಾಳೆ ತುಂಬಿಕೊಡಲಿ, ಇನ್ನೆರಡು ಸಲ ಬನ್ನಿ. ಆದರೆ ಇವಳದು ಹಟವಲ್ಲ. ನೀವು ಬೆಳೆಸಿದ್ದರಲ್ಲೂ ತಪ್ಪಿಲ್ಲ. ಟೀಚರಿಗೆ ನಾನು ಪತ್ರ ಬರೆಯುತ್ತೇನೆ, ಮುಂದಿನ ಬೆಂಚಿನಲ್ಲಿ ಕೂರಿಸಲಿ. ಕೆಲಸವನ್ನು ಸಣ್ಣ ಸಣ್ಣದು ಮಾಡಿ ಕೊಡಿ, ನಡುನಡುವೆ ಎದ್ದು ಓಡಾಡಲು ಬಿಡಿ.”

“ಒಂದು ಸಾಲು, ಒಂದು ಸುತ್ತು” ಅಂದಳು ಶಿವಗಾಮಿ, ತನಗೆ ತಾನೇ.

“ಅದೇ. ಯಾರು ಹೇಳಿಕೊಟ್ಟರು?”



ಅವರು ಮನೆ ಮುಟ್ಟಿದಾಗ ಅಂಗಮ್ಮ ಒಳಗೆ ನೆಲ ಒರೆಸುತ್ತಿದ್ದಳು. ಶಿವಗಾಮಿ ಹೊಸಿಲಾಚೆಯೇ ನಿಂತಳು. “ಅತ್ತೆ, ತಪ್ಪಾಯ್ತು. ಕನ್ನಡದಿಂದ ಅಲ್ಲವಂತೆ. ನೀವು ಮೊದ್ಲಿನಂಗೇ ಮಾತಾಡಿ.”

ಅಂಗಮ್ಮ ಬಟ್ಟೆ ಹಿಂಡಿದಳು, ಮತ್ತೆ ಒರೆಸತೊಡಗಿದಳು. ಬಾಯಿ ಮುಚ್ಚು ಅನ್ನುವುದೂ ನೀನೇ, ತೆಗೆ ಅನ್ನುವುದೂ ನೀನೇ ಎಂಬ ಸಿಟ್ಟು ಬೆನ್ನಿನಲ್ಲೇ ಕಾಣುತ್ತಿತ್ತು. ಶಿವಗಾಮಿಗೆ ಹೆದರಿಕೆಯಾಯಿತು. ಮುದುಕಿ ಇನ್ನು ಮಾತಾಡದೇ ಹೋದರೆ?

ಅಷ್ಟರಲ್ಲಿ ಕೃತ್ತಿಕಾ ತಾಯಿಯ ಪಕ್ಕದಿಂದ ನುಗ್ಗಿ, ಒದ್ದೆ ನೆಲದ ಮೇಲೆ ದಡದಡ ಓಡಿ, ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಒಂದು ಕಾಲಿನಲ್ಲಿ ಚಪ್ಪಲಿ ಹಾಗೇ ಇತ್ತು.

“ಅಯ್ಯೋ ನಿನ್ ಮನೆ ಹಾಳಾಗ! ಲೇ ಕತ್ತೆ! ಈಗ ಒರ್ಸಿವ್ನಿ, ಕಣ್ಣು ಕಾಣಲ್ವಾ? ಒಂದು ಚಪ್ಲಿ ಕಾಲಲ್ಲಿ, ಇನ್ನೊಂದು ಯಾವೂರ್ಗ ಹೋತು? ನಿಮ್ಮಪ್ಪನೂ ಹಿಂಗೇ, ಒಂಟಿ ಚಪ್ಲೀಲಿ ಇಸ್ಕೂಲ್ಗ ಹೋದೋನು! ಮಗ್ಗದ ಕಂಬಕ್ಕ ಕಟ್ಟಿಹಾಕಿದ್ರೂ ನಿಲ್ತಿರ್ಲಿಲ್ಲ ಮೂದೇವಿ! ಬಾ ಇಲ್ಲಿ, ಎತ್ತು ಕಾಲು…”

ಅಂಗಳದಲ್ಲಿ ಸ್ಕೂಟರಿಗೆ ಸ್ಟ್ಯಾಂಡು ಹಾಕುತ್ತಿದ್ದ ಸೆಂದಿಲ್‌ಕುಮಾರ್ ಹಾಗೇ ನಿಂತ.

ಒಳಗೆ ಕೃತ್ತಿಕಾ ಕಾಲೆತ್ತಿ, ಮುದುಕಿಯ ಹೆಗಲು ಹಿಡಿದು, ಅಲ್ಲಾಡದೆ ನಿಂತು ಬೈಸಿಕೊಳ್ಳುತ್ತಿದ್ದಳು. ಬೈಗುಳ ನಿಲ್ಲುವ ಹಾಗೆ ಕಾಣಲಿಲ್ಲ. ಶಿವಗಾಮಿ ಮೆಟ್ಟಿಲ ಕೆಳಗೆ ಬಿದ್ದಿದ್ದ ಪುಟ್ಟ ಒಂಟಿ ಚಪ್ಪಲಿಯನ್ನು ಹೆಕ್ಕಿ ಹೊಸಿಲಾಚೆ ಇಟ್ಟಳು, ಅದರ ಪಕ್ಕ ತನ್ನವನ್ನೂ ಬಿಟ್ಟಳು, ಒಳಗೆ ಹೋಗದೆ ಅಲ್ಲೇ ಕೂತಳು.