ಸದ್ದಿಲ್ಲದ ಕಾರು

ಅವತ್ತು ಮೂಕಿ ಸಿನಿಮಾದ ಹಾಸ್ಯನಟ ಲೆಸ್ಟರ್ ಪಿಂಕಮ್‌ಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಎದೆಯ ಕಾಯಿಲೆಗೆಂದು ಬೆಟ್ಟದ ಬುಡದ ಆಸ್ಪತ್ರೆ ಸೇರಿದ್ದ ಹೆಂಡತಿ ಓಪಲ್‌ಳನ್ನು ಸಂಜೆ ಮನೆಗೆ ಕಳಿಸುತ್ತಾರೆ. ಟ್ರಾಮಿನ ನೂಕುನುಗ್ಗಲು ಅವಳಿಗೆ ಆಗದು. ಕಾರಲ್ಲೇ ಕರೆದುಕೊಂಡು ಬರುತ್ತೇನೆಂದು ಮಾತು ಕೊಟ್ಟಿದ್ದ. ಹಾಗಾಗಿ ಶೂಟಿಂಗಿನ ಊಟದ ಬಿಡುವಿನಲ್ಲಿ, ಮುಖದ ಬಿಳಿ ಬಣ್ಣ, ಮೊಳದುದ್ದದ ಬೂಟು ಸಮೇತ, ಎಡೆನ್‌ಡೇಲಿನ ದಿಬ್ಬದ ಮೇಲಿದ್ದ ಹಳೇ ಕಾರಿನ ಅಂಗಡಿಗೆ ಓಡಿದ.

ಅಂಗಡಿಯ ಫಿಪ್ಸ್ ಬಾಯಲ್ಲಿ ಬರೀ ಜೇನು. "ಹತ್ತಿ ಸಾರ್, ಒಂದ್ ಸುತ್ತು ನೋಡೇಬಿಡಿ."

ಕಾರು ಇಳಿಜಾರಿನಲ್ಲಿ ನುಣ್ಣಗೆ ಜಾರಿತು.

"ಸದ್ದೇ ಇಲ್ವಲ್ರೀ?"

"ಇದರ ಹೆಚ್ಚುಗಾರಿಕೆನೇ ಅದು ಸಾರ್."

ಬೇರೆ ಯಾರೇ ಆಗಿದ್ದರೂ ಇಂಜಿನ್ನಿನ ಮುಚ್ಚಳ ಎತ್ತಿ ನೋಡುತ್ತಿದ್ದರು. ಈ ಪುಣ್ಯಾತ್ಮ ಈವರೆಗೆ ಓಡಿಸಿದ್ದೆಲ್ಲ ಸಿನಿಮಾ ಕಂಪನಿಯ ಕಾರುಗಳು. ಅವಕ್ಕೆ ಇಂಜಿನ್ನೇ ಇರುತ್ತಿರಲಿಲ್ಲ, ತಂತಿ ಕಟ್ಟಿ ಎಳೆಯುತ್ತಿದ್ದರು. ಅವನ ಪಾಲಿಗೆ ಕಾರೆಂದರೆ ಸದ್ದಿಲ್ಲದೆ ಹೋಗುವಂಥದ್ದು. ದಾರಿಯಲ್ಲೇ ದುಡ್ಡು ಕೊಟ್ಟುಬಿಟ್ಟ.

ದಿಬ್ಬ ಮುಗಿಯಿತು, ಕಾರೂ ನಿಂತಿತು. "ಪೆಟ್ರೋಲ್ ತರ್ತೀನಿ" ಎಂದು ಫಿಪ್ಸ್ ಇಳಿದು ನಡೆದ. ಲೆಸ್ಟರ್ ಮುಚ್ಚಳ ಎತ್ತಿದರೆ ಇಂಜಿನ್ನಿನ ಜಾಗದಲ್ಲಿ ಮರಳಿನ ಮೂಟೆ.

"ಹಿಡೀರಿ ಅವನ್ನ, ಕಳ್ಳ ಅವನು" ಎಂದು ಕೂಗುತ್ತ ಹಿಂದೆ ಓಡಿದ. ಬೂಟು ತೊಡರಿ ಬಿದ್ದ, ಎದ್ದ, ಹಣ್ಣಿನ ಗಾಡಿಗೆ ಗುದ್ದಿದ. ಕಿತ್ತಳೆಗಳು ಬೀದಿ ತುಂಬ ಉರುಳಿದವು. ಜನ ಬಿದ್ದು ಬಿದ್ದು ನಕ್ಕರು. ಆ ಊರಿನವರಿಗೆ ಏನು ಹೇಳೋಣ, ದಿನ ಬೆಳಗಾದರೆ ಬೀದಿಯಲ್ಲಿ ಶೂಟಿಂಗ್. ನಡುವೆ ಅಡ್ಡ ಬರಬಾರದೆಂಬುದು ಹಸುಗೂಸಿಗೂ ಗೊತ್ತು. ಪೊಲೀಸಿನವನು ಮರ್ಯಾದೆಯಿಂದ ಪಕ್ಕಕ್ಕೆ ಸರಿದು ಫಿಪ್ಸ್‌ಗೆ ದಾರಿ ಬಿಟ್ಟ.

"ನಿಜವಾಗ್ಲೂ ಮೋಸ ಮಾಡಿದಾನೆ ಕಣ್ರೀ. ಅಲ್ಲಿ ನನ್ ಹೆಂಡ್ತಿ ಕಾಯ್ತಾ ಕೂತಿದ್ದಾಳೆ." ಲೆಸ್ಟರ್‌ಗೆ ಅಳುವೇ ಬಂದುಬಿಟ್ಟಿತು.

"ಏನ್ ಚೆನ್ನಾಗಿ ಅಳ್ತೀರಪ್ಪಾ ನೀವು," ಎಂದ ಪೊಲೀಸಿನವನು. "ಕ್ಯಾಮೆರಾ ಎಲ್ಲಿಟ್ಟಿದೀರಿ?"

ಮೂಲೆ ತಿರುಗುವ ಮುಂಚೆ ಫಿಪ್ಸ್ ಟೋಪಿ ತೆಗೆದು ಜನಕ್ಕೆ ತಲೆಬಾಗಿದ. ಚಪ್ಪಾಳೆ ಬಿತ್ತು.

ಕೊನೆಗೆ ಟ್ರಾಮೇ ಗತಿಯಾಯಿತು. ಅಲ್ಲೂ ನಕ್ಕರು. ಆಸ್ಪತ್ರೆಯ ನರ್ಸುಗಳೂ ಅವನನ್ನು ಕಂಡು ಬಾಯಿಗೆ ಕೈ ಅಡ್ಡ ಹಿಡಿದರು. ಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡು ಜಗಲಿಯಲ್ಲಿ ಕುಳಿತಿದ್ದ ಓಪಲ್ ಮಾತ್ರ ನಗಲಿಲ್ಲ. ಬಿಳಿ ಬಣ್ಣದ ಮೇಲೆ ಕಣ್ಣಿನಿಂದ ಗಲ್ಲದವರೆಗೆ ಇಳಿದಿದ್ದ ಎರಡು ಗೆರೆಗಳನ್ನು ನೋಡಿದಳು.

"ಓಪಲ್, ಕಾರು..."

"ಕಾರು ಹಾಳಾಗ್ಲಿ," ಎನ್ನುತ್ತ ಕರ್ಚೀಫು ತೆಗೆದು ಅವನ ಕೆನ್ನೆ ಒರೆಸಿದಳು. "ಯಾಕೆ ಅತ್ತಿದೀಯ, ಅದನ್ನ ಹೇಳು."